ಆಳಂದ ಹುಡುಕಿದ್ರ ಫಿನ್ಲೆಂಡ್ ಯಾಕ ಬರ್ತದ? ನಮ್ಮ ಮೂರು ಜಿಲ್ಲೆಯ ಹೆಸರುಜೋಡಿ ಊರುಗಳು

ತೊಗರಿಕಣಜ:
ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಯ ಊರುಗಳಿಗೆ ಜಗತ್ತಿನ ಬೇರೆ ಕಡೆ ಎಲ್ಲೆಲ್ಲಿ ಹೆಸರುಜೋಡಿ ಅವ ಅಂತ ಇಲ್ಲೊಂದು ಪಟ್ಟಿ ಕಟ್ಟೋಣ. "ನಮ್ಮೂರ ಹೆಸರಿನ ಊರು ಅಲ್ಲೂ ಅದ" ಅಂತ ಒಂದು ಸಾಲು ಒಗೆದು ಹೋಗಬ್ಯಾಡ್ರಿ. ಕನ್ನಡದಾಗ ಸರಿಯಾದ ಕಾಗುಣಿತ, ಇನ್ನೊಂದು ಊರು ಇರೋ ಜಿಲ್ಲೆ ಅಥವಾ ದೇಶ, ಎರಡೂ ಹೆಸರು ಹ್ಯಾಂಗ ಒಂದಾದವು ಅನ್ನೋದು, ಇಷ್ಟು ಬೇಕು.

ಶುರುವಿಗೆ ಆಳಂದ. ಇಂಗ್ಲಿಷ್ ಅಕ್ಷರದಾಗ ಹುಡುಕಿದ್ರ ಮೊದಲು ಬರೋದು ಫಿನ್ಲೆಂಡಿನ ದ್ವೀಪಸಮೂಹ. ಅದರ ಹೆಸರಿನ ಮೊದಲ ಅಕ್ಷರದ ನೆತ್ತಿ ಮ್ಯಾಲೆ ಒಂದು ಸಣ್ಣ ಸೊನ್ನಿ ಇರ್ತದ, ಉಚ್ಚಾರ "ಓಲಂಡ್". ಸ್ವೀಡಿಷ್ ಮಾತಾಡೋ ಸುಮಾರು 30 ಸಾವಿರ ಜನ, ರಾಜಧಾನಿ ಮಾರಿಯೆಹಾಮ್ನ್, 1921ರಾಗ ರಾಷ್ಟ್ರಸಂಘ ಅದನ್ನು ಫಿನ್ಲೆಂಡಿಗೇ ಉಳಿಸಿ ಸ್ವಾಯತ್ತತೆಗೆ ಖಾತರಿ ಕೊಟ್ಟಿತು. ಸಾದಾ ಕೀಬೋರ್ಡಿನಾಗ ಆ ಸೊನ್ನಿ ಬಿದ್ದುಹೋದ್ರ ನಮ್ಮ ಲಾಡ್ಲೆ ಮಶಾಕ್ ದರ್ಗಾದ ಆಳಂದಕ್ಕೂ ಅದಕ್ಕೂ ಒಂದಕ್ಷರದ ಫರಕ್ ಉಳಿಯಂಗಿಲ್ಲ.

ಭೀಮಾದಂಡೆ:
ಫಿನ್ಲೆಂಡ್ ದೂರ ಆಯ್ತು. ದಿನಾ ಗೊಂದಲ ಆಗೋದು ಆಳಂದಿ ಜೊತಿ. ಪುಣೆ ಹತ್ತಿರದ ಆಳಂದಿ, ಜ್ಞಾನೇಶ್ವರರ ಸಮಾಧಿ ಇರೋದು. ಅಲ್ಲೂ ಎರಡು ಆಳಂದಿ ಅವ: ದೇವಾಚಿ ಆಳಂದಿ ಒಂದು, ಮ್ಹಾತೋಬಾಚಿ ಆಳಂದಿ ಇನ್ನೊಂದು. ಎರಡನೇದನ್ನು ಜನ ಚೋರಾಚಿ ಆಳಂದಿ ಅಂತಲೂ ಅಂತಾರ. ಒಂದು ದೇವರದು, ಇನ್ನೊಂದು ಕಳ್ಳರದು!

ಅಕ್ಷಾಂಶ17:
ಪಟ್ಟಿ ಉದ್ದವಾಗುವ ಮುಂಚೆ ಒಂದು ಕಾಲಂ ಸೇರಿಸಿ: ಹೋಲಿಕೆಯ ಬಗೆ. ಇದಿಲ್ಲದಿದ್ದರೆ ಎಲ್ಲ ಜೋಡಿಯೂ ಒಂದೇ ತೂಕದ್ದಾಗಿ ಕಾಣುತ್ತದೆ.

ಮೊದಲ ಬಗೆ, ಬರೀ ಲಿಪಿಯ ಹೋಲಿಕೆ. ಆಳಂದ ಮತ್ತು ಓಲಂಡ್ ಇದಕ್ಕೆ ಸೇರುತ್ತವೆ. ಇಂಗ್ಲಿಷ್ ಲಿಪಿಗೆ ಳ–ಲ ಭೇದವಿಲ್ಲ, ದ–ಡ ಭೇದವಿಲ್ಲ, ಹ್ರಸ್ವ–ದೀರ್ಘ ಇಲ್ಲ. ಕನ್ನಡದಲ್ಲಿ ಬರೆದ ಕ್ಷಣ ಜೋಡಿ ಮುರಿದು ಬೀಳುತ್ತದೆ. ತಮಿಳುನಾಡಿನ ಸೇಲಂ ಮತ್ತು ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೇಲಂ ಇನ್ನೊಂದು ಉದಾಹರಣೆ, ಕನ್ನಡದಲ್ಲಿ ಒಂದೇ ಆಗಿ ಕಂಡರೂ ಮೂಲ ಬೇರೆ. ಅಮೆರಿಕದ್ದು ಜೆರುಸಲೇಮಿಗೆ ಸಂಬಂಧಿಸಿದ ಬೈಬಲ್ ಹೆಸರು, ತಮಿಳಿನದಕ್ಕೆ ಅದರ ಗಂಧವೂ ಇಲ್ಲ.

ಎರಡನೆಯದು, ಪದ ಒಂದೇ, ಇಟ್ಟವರು ಬೇರೆ. ಶಹಾಪುರ, ಫಿರೋಜಾಬಾದ್, ನಾರಾಯಣಪುರ ಇಂಥವು.

ಮೂರನೆಯದು, ಒಂದು ಊರನ್ನು ಮನಸ್ಸಿನಲ್ಲಿಟ್ಟುಕೊಂಡು ಇನ್ನೊಂದಕ್ಕೆ ಹೆಸರಿಟ್ಟದ್ದು. ಅಮೆರಿಕದ ಇಲಿನಾಯ್ ಮತ್ತು ನೆವಾಡದಲ್ಲಿ ಗೋಲ್ಕೊಂಡ ಹೆಸರಿನ ಊರುಗಳಿವೆ. ನಮ್ಮ ಪಕ್ಕದ ಗೋಲ್ಕೊಂಡದ ವಜ್ರದ ಖ್ಯಾತಿ ಅಲ್ಲಿವರೆಗೆ ಹೋಗಿತ್ತು. ನಮ್ಮ ಮೂರು ಜಿಲ್ಲೆಯಿಂದ ಹೀಗೆ ಹೊರಗೆ ಹೋದ ಹೆಸರು ಯಾರಿಗಾದರೂ ಸಿಕ್ಕರೆ ಅದು ಪಟ್ಟಿಯ ತಲೆಯಲ್ಲಿರಲಿ.

ಪ್ಲಾಟ್‌ಫಾರ್ಮ್1:
ರೈಲು ಟಿಕೆಟ್ ತೆಗೆಸೋರಿಗೆ ಬಗೆ-ಗಿಗೆ ಲೆಕ್ಕಿಲ್ಲ, ತಪ್ಪು ಊರಿಗೆ ಟಿಕೆಟ್ ಆದ್ರ ರೊಕ್ಕ ಹೋಯ್ತು. ಮುಖ್ಯವಾದವು ಹೇಳ್ತೀನಿ.

ದೇವಲ ಗಾಣಗಾಪುರಕ್ಕೆ ಹೊರಗಿನಿಂದ ಬರೋ ದತ್ತಭಕ್ತರು "ಗಂಗಾಪುರ" ಅಂತ ಟೈಪ್ ಮಾಡ್ತಾರ. ಬರೋದು ಗಂಗಾಪುರ ಸಿಟಿ, ಕೋಡ್ ಜಿಜಿಸಿ. ಅದು ರಾಜಸ್ಥಾನ! ಬೇಕಾದ್ದು ಗಾಣಗಾಪುರ ರೋಡ್, ಕೋಡ್ ಜಿಯುಆರ್, ಸೊಲ್ಲಾಪುರ–ಕಲಬುರಗಿ ಹಾದಿಯಾಗ. ಅಲ್ಲಿಂದ ದೇವಸ್ಥಾನ ಇನ್ನೂ 20 ಕಿ.ಮೀ. ಮ್ಯಾಲೆ ಅದ. "ರೋಡ್" ಅಂತ ಕೊನಿಗೆ ಇದ್ರ ಊರು ಸ್ಟೇಶನ್ ಮುಂದಿಲ್ಲ ಅಂತ ತಿಳ್ಕೊರಿ. ಮಹಾರಾಷ್ಟ್ರದಾಗೂ ಒಂದು ಗಂಗಾಪುರ ತಾಲ್ಲೂಕು ಅದ, ನಾಶಿಕ್ ಬಳಿ ಗಂಗಾಪುರ ಡ್ಯಾಂ ಅದ.

ಮಳಖೇಡಕ್ಕೂ ಇದೇ ಹಣೆಬರ. ರಾಷ್ಟ್ರಕೂಟರ ಮಾನ್ಯಖೇಟ ಸೇಡಂ ತಾಲ್ಲೂಕಿನಾಗ ಕಾಗಿಣಾ ದಂಡಿಗೆ ಅದ, ಅದರ ಸ್ಟೇಶನ್ನು ಮಳಖೇಡ ರೋಡ್. ಬರೇ ಮಳಖೇಡ ಅನ್ನೋ ಸ್ಟೇಶನ್ ಮಹಾರಾಷ್ಟ್ರದ ಅಮರಾವತಿ ಜಿಲ್ಲೆಯಾಗ.

ಕಲಬುರಗಿಯ ಕೋಡ್ ಮೊದಲು ಜಿಆರ್, ಈಗ ಕೆಎಲ್‌ಬಿಜಿ. ವಿಮಾನ ನಿಲ್ದಾಣದ ಕೋಡ್ ಮಾತ್ರ ಜಿಬಿಐ, ಅದರಾಗ ಇನ್ನೂ ಹಳೇ ಗುಲ್ಬರ್ಗಾದ "ಜಿ" ಕುಂತದ. ಬೀದರಿನ ವಿಮಾನ ಕೋಡ್ ಐಎಕ್ಸ್ಎಕ್ಸ್, ಅದರಾಗ "ಬಿ" ಹುಡುಕಬ್ಯಾಡ್ರಿ. ಯಾದಗಿರಿ ವೈಜಿ, ಬೀದರ್ ಬಿಐಡಿಆರ್, ವಾಡಿ ಅಂದ್ರ ವಾಡಿನೇ.

ಸುರಪುರಗುಡ್ಡ:
ಕೋಡ್ ಅಂದ್ರ ನಮ್ಮ ಸುರಪುರದ ಕಥೀ ಕೇಳ್ರಿ. ಎಸ್‌ಯುಆರ್ ಅಂತ ಕಂಡ್ರ ಸುರಪುರ ಅಂತ ಯಾರಿಗಾದ್ರೂ ಅನಿಸ್ತದ. ಅದು ಸೊಲ್ಲಾಪುರ. ಸುರಪುರಕ್ಕ ರೈಲೇ ಇಲ್ಲ, ಯಾದಗಿರಿಗೆ ಇಳೀಬೇಕು.

ಹಳೇ ಇಂಗ್ಲಿಷ್ ದಾಖಲೆ ಓದೋರಿಗೆ ಇದಕ್ಕಿಂತ ದೊಡ್ಡ ಗುಂಡಿ ಅದ. ಅವರು ಸುರಪುರವನ್ನು "ಶೋರಾಪುರ" ಅಂತ, ಸೊಲ್ಲಾಪುರವನ್ನು "ಶೋಲಾಪುರ" ಅಂತ ಬರದಾರ. ರ ಹೋಗಿ ಲ ಬಂತಂದ್ರ ಊರೇ ಬದಲು. ಸ್ಕ್ಯಾನ್ ಮಾಡಿದ ಪುಸ್ತಕದಾಗ ಯಂತ್ರ ಓದುವಾಗ ಈ ಎರಡು ಅಕ್ಷರ ಅದಲು-ಬದಲು ಆಗಬಹುದು. ಅದಕ್ಕ ಅಕ್ಕಪಕ್ಕದ ಹೆಸರು ನೋಡ್ರಿ. ಮೆಡೋಸ್ ಟೇಲರ್ (1841ರಿಂದ 1853ರ ತನಕ ಇಲ್ಲಿದ್ದ ಬ್ರಿಟಿಷ್ ಅಧಿಕಾರಿ), ವೆಂಕಟಪ್ಪ ನಾಯಕ, ಬೇಡರು, ಕೃಷ್ಣಾ ನದಿ ಬಂದ್ರ ಅದು ಸುರಪುರ. ಜವಳಿ ಗಿರಣಿ, ಬಾಂಬೆ ಪ್ರೆಸಿಡೆನ್ಸಿ, ಕಲೆಕ್ಟರ್ ಬಂದ್ರ ಸೊಲ್ಲಾಪುರ. ತೆಲಂಗಾಣದ ಸಿರ್ಪುರ ಕಾಗಜನಗರ, ಧುಳೆ ಜಿಲ್ಲೆಯ ಶಿರಪುರ ಇವೂ ಆಗಾಗ ನುಸುಳ್ತಾವ.

ಫರ್ಸಿಕಲ್ಲು:
ಶಹಾಬಾದ್ ಬರೆಯದೆ ಪಟ್ಟಿ ಮುಗಿಯಂಗಿಲ್ಲ. ಹೆಸರು ಒಂದು, ಊರು ರಗಡ. ಹರಿಯಾಣದ ಕುರುಕ್ಷೇತ್ರ ಜಿಲ್ಲೆಯಾಗ ಒಂದು, ಶಹಾಬಾದ್ ಮಾರ್ಕಂಡ ಅಂತಾರ. ಉತ್ತರ ಪ್ರದೇಶದ ಹರದೋಯಿ ಜಿಲ್ಲೆಯಾಗ ಒಂದು, ರಾಮಪುರ ಜಿಲ್ಲೆಯಾಗ ಒಂದು. ಇರಾನಿನ ಪಶ್ಚಿಮದಾಗಿನ ಇಸ್ಲಾಮಾಬಾದೆ-ಘರ್ಬ್ ಅನ್ನೋ ಪಟ್ಟಣದ ಹಳೇ ಹೆಸರೂ ಶಹಾಬಾದ್. ಎರಡನೇ ಬಗೆ, ಎಲ್ಲಾ "ಶಾಹನ ಊರು".

ಆದ್ರ ಕಲ್ಲಿನ ವ್ಯವಹಾರದಾಗ ಮೋಸ ಹೋಗೋದು ರಾಜಸ್ಥಾನದ ಶಹಾಬಾದ್‌ನಿಂದ. ಅದು ಬಾರಾಂ ಜಿಲ್ಲೆಯಾಗ ಅದ, 1991ರ ತನಕ ಕೋಟಾ ಜಿಲ್ಲೆಯಾಗ ಇತ್ತು. ಕೋಟಾ ಕಲ್ಲೂ ಸುಣ್ಣದಕಲ್ಲೇ, ನಮ್ಮ ಶಹಾಬಾದ್ ಫರ್ಸಿನೂ ಸುಣ್ಣದಕಲ್ಲೇ. ಹಳೇ ಕಾಗದದಾಗ "ಶಹಾಬಾದ್, ಸುಣ್ಣದಕಲ್ಲು" ಅಂತ ಎರಡೇ ಶಬ್ದ ಇದ್ರ ಯಾವ ಊರು ಅಂತ ಹೇಳಾಕ ಬರಂಗಿಲ್ಲ. ಪಿನ್ ನೋಡ್ರಿ: ನಮ್ಮದು 585228, ಹರಿಯಾಣದ್ದು 136135.

ಅಂದಹಾಗೆ "ಶಹಾಬಾದ್ ಕಲ್ಲು" ಅಂತ ಬೋರ್ಡ್ ಇದ್ದ ಮಾತ್ರಕ್ಕ ಕಲ್ಲು ಶಹಾಬಾದಿಂದೇ ಬಂದಿರಬೇಕಂತಿಲ್ಲ. ಅದು ಈಗ ಕಲ್ಲಿನ ಜಾತಿಯ ಹೆಸರು ಆಗ್ಯದ.

ಪ್ಲಾಟ್‌ಫಾರ್ಮ್1:
ಪಿನ್ ಬಗ್ಗೆ ಒಂದು ಮಾತು. ಮೊದಲ ಮೂರು ಅಂಕಿ ಮೂರೂ ಜಿಲ್ಲೆಗೆ ಒಂದೇ, 585. ಕಲಬುರಗಿ 585101, ಯಾದಗಿರಿ 585201, ಬೀದರ್ 585401. ಹಂಗಾಗಿ 585 ಕಂಡ್ರ "ನಮ್ಮ ಕಡೀದು" ಅಂತ ಗೊತ್ತಾಗ್ತದ, "ಯಾವ ಜಿಲ್ಲೆ" ಅಂತ ಗೊತ್ತಾಗಂಗಿಲ್ಲ. ಶಹಾಪುರಕ್ಕ ಇದು ಬಾಳ ಉಪಯೋಗ: ಬುದ್ಧ ಮಲಗಿದ ಬೆಟ್ಟದ ನಮ್ಮ ಶಹಾಪುರ 585223, ಬೆಳಗಾವಿ ನಗರದ ಶಹಾಪುರ 590003, ಠಾಣೆ ಜಿಲ್ಲೆಯ ಶಹಾಪುರ 421601. ಪಾಕಿಸ್ತಾನದ ಸರಗೋಧಾ ಕಡೆ ಇನ್ನೊಂದು ಶಾಹಪುರ ಅದ.

ಹಳೇನಾಣ್ಯ:
ಬಹಮನಿ ಕಾಲಕ್ಕೆ ಬಂದರೆ ಹೆಸರುಜೋಡಿ ದುಡ್ಡಿನ ಪ್ರಶ್ನೆ ಆಗುತ್ತದೆ. ನಾಣ್ಯದ ಮೇಲೆ ಕಲಬುರಗಿ "ಅಹ್ಸಾನಾಬಾದ್", ಬೀದರ್ "ಮುಹಮ್ಮದಾಬಾದ್". ಎರಡನೆಯದರ ಕಷ್ಟ ಏನೆಂದರೆ, ಗುಜರಾತಿನ ಮಹಮೂದ್ ಬೇಗಡಾ 1484ರಲ್ಲಿ ಚಾಂಪಾನೇರ್ ಗೆದ್ದು ಅದಕ್ಕೂ ಮುಹಮ್ಮದಾಬಾದ್ ಎಂದೇ ಹೆಸರಿಟ್ಟ. ಟಂಕಸಾಲೆಯ ಹೆಸರು ಮಾತ್ರ ಓದಿ ಬೀದರ್ ಎಂದು ಚೀಟಿ ಅಂಟಿಸುವವರು ತುಂಬಾ ಜನ.

ಬಿಡಿಸುವ ಕ್ರಮ ಹೀಗೆ. ಮೊದಲು ಹಿಜರಿ ವರ್ಷ ಓದಿ. ಅದನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಹತ್ತಿರದ ಕ್ರಿಸ್ತವರ್ಷ ಸಿಗುತ್ತದೆ: ಹಿಜರಿ 850 ಅಂದರೆ 824.5 + 622, ಸುಮಾರು 1446. ವರ್ಷ ಹಿಜರಿ 889ಕ್ಕಿಂತ ಹಿಂದಿನದಾದರೆ ಚಾಂಪಾನೇರ್ ಆಗಲು ಸಾಧ್ಯವೇ ಇಲ್ಲ. ಅದರ ನಂತರದ್ದಾದರೆ ಸುಲ್ತಾನನ ಹೆಸರು ನೋಡಿ. "ಶಹರ್-ಇ-ಮುಕರ್ರಮ್" ಎಂಬ ಬಿರುದು ಇದ್ದರೆ ಅದು ಗುಜರಾತಿನದು. ಅಂಚು ಸವೆದು ವರ್ಷವೂ ಇಲ್ಲ, ಸುಲ್ತಾನನೂ ಇಲ್ಲ ಅಂದರೆ "ಮುಹಮ್ಮದಾಬಾದ್" ಎಂದಷ್ಟೇ ಬರೆದು ಕೈಬಿಡಿ.

ಔರಂಗಜೇಬ 1657ರಲ್ಲಿ ಬೀದರ್ ಗೆದ್ದ ಮೇಲೆ ಅದು ಜಫರಾಬಾದ್. ಆ ಹೆಸರಿನ ಊರು ಉತ್ತರ ಪ್ರದೇಶದ ಜೌನಪುರ ಜಿಲ್ಲೆಯಲ್ಲೂ ಇದೆ. ಒಂದೇ ಊರಿಗೆ ಮೂರು ಹೆಸರು, ಮೂರರಲ್ಲಿ ಎರಡಕ್ಕೆ ಬೇರೆ ಕಡೆ ಜೋಡಿ.

ಫಿರೋಜಾಬಾದ್ ಕೂಡ ಸೇರಿಸಿ. ಕಲಬುರಗಿಯ ದಕ್ಷಿಣಕ್ಕೆ ಭೀಮಾ ದಂಡೆಯಲ್ಲಿರುವುದು 1400ರ ಆಸುಪಾಸಿನಲ್ಲಿ ಫಿರೋಜ್ ಶಾಹ ಬಹಮನಿ ಕಟ್ಟಿಸಿದ್ದು. ದೆಹಲಿಯ ಫಿರೋಜಾಬಾದ್ 1354ರದು, ಫಿರೋಜ್ ಶಾಹ ತುಘಲಕ್‌ನದು, ಈಗ ಕೋಟ್ಲಾ ಎನ್ನುವ ಜಾಗ. ಬಳೆಯ ಫಿರೋಜಾಬಾದ್ ಉತ್ತರ ಪ್ರದೇಶದ್ದು. ಇರಾನಿನ ಫಾರ್ಸ್ ಪ್ರಾಂತದ ಫಿರೂಜಾಬಾದ್ ಇವಕ್ಕೆಲ್ಲ ಅಜ್ಜ, ಸಾಸಾನಿ ಕಾಲದ ನಗರ, 2018ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಅಲ್ಲಿ ಹೆಸರು ಯಾವುದೇ ಫಿರೋಜ್ ಶಾಹನದಲ್ಲ, "ವಿಜಯದ ಊರು" ಎಂಬ ಅರ್ಥದ್ದು. ಹಾಗಾಗಿ ಕೋಟ್ಲಾ ಮತ್ತು ಭೀಮಾದಂಡೆಯ ಜೋಡಿಯನ್ನು ಒಂದೇ ರಾಜನ ಊರು ಎಂದು ಬರೆದರೆ ತಪ್ಪು.

ತೊಗರಿಕಣಜ:
ರಾಜರ ಹೆಸರೂ ಹಿಂಗೇ ಕಲಸ್ತಾವಲ್ಲ? ಅವಕ್ಕೂ ಬೇರೆ ಹಾಳೆ ಮಾಡೋಣೇನು?

ಹಳೇನಾಣ್ಯ:
ಮಾಡಲೇಬೇಕು. ಬೀದರನ್ನು ರಾಜಧಾನಿ ಮಾಡಿದ ಅಹ್ಮದ್ ಶಾಹ ಬಹಮನಿ ಆಳಿದ್ದು 1422ರಿಂದ 1436. ಅಹಮದಾಬಾದ್ ಕಟ್ಟಿದ ಗುಜರಾತಿನ ಅಹ್ಮದ್ ಶಾಹ 1411ರಿಂದ 1442. ಇಬ್ಬರೂ ಸಮಕಾಲೀನರು, ಇಬ್ಬರೂ ಒಬ್ಬರ ಮೇಲೊಬ್ಬರು ಸೈನ್ಯ ಕಳಿಸಿದವರು. "ಅಹ್ಮದ್ ಶಾಹ ಅಹ್ಮದ್ ಶಾಹನನ್ನು ಸೋಲಿಸಿದ" ಎಂದು ಬರೆದ ವಾಕ್ಯಕ್ಕೆ ಅರ್ಥವೇ ಇರುವುದಿಲ್ಲ. ಮನೆತನ ಮತ್ತು ಆಳ್ವಿಕೆಯ ವರ್ಷ ಎರಡೂ ಕಡ್ಡಾಯ.

ಶಾಸನಗಲ್ಲು:
ಇದಕ್ಕಿಂತ ಹಳೆಯ ಉದಾಹರಣೆ ನಮ್ಮ ನೆಲದಲ್ಲೇ ಇದೆ. "ದೇವಾನಾಂಪಿಯ" ಎಂಬುದು ಅಶೋಕನ ಬಿರುದು. ಅದೇ ಬಿರುದು ಲಂಕೆಯ ತಿಸ್ಸನಿಗೂ ಇತ್ತು. ಜೇಮ್ಸ್ ಪ್ರಿನ್ಸೆಪ್ ಮೊದಲು ಶಾಸನಗಳ ದೇವಾನಾಂಪಿಯನನ್ನು ಲಂಕೆಯ ಅರಸನೆಂದೇ ಎಣಿಸಿದ. ಗೊಂದಲಕ್ಕೆ ಪೂರ್ಣ ತೆರೆ ಬಿದ್ದದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯಲ್ಲಿ ಬಿರುದಿನ ಜೊತೆ "ಅಸೋಕ" ಎಂಬ ಹೆಸರೂ ಸಿಕ್ಕಾಗ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ ಶಿಲ್ಪದ ಮೇಲೇ "ರಾಯಾ ಅಸೋಕೋ" ಎಂದು ಕೊರೆದಿದೆ. ಬಿರುದು ಮಾತ್ರ ಇದ್ದರೆ ವ್ಯಕ್ತಿ ನಿರ್ಧಾರ ಮಾಡಬೇಡಿ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ನೃಪತುಂಗ ಎಂದರೂ ಅಷ್ಟೆ: ಮಾನ್ಯಖೇಟದ ಅಮೋಘವರ್ಷ ನೃಪತುಂಗ ಒಬ್ಬ, ಅದೇ 9ನೇ ಶತಮಾನದ ಪಲ್ಲವ ನೃಪತುಂಗವರ್ಮ ಇನ್ನೊಬ್ಬ.

ಈಗ ಕಲ್ಯಾಣ. ಬಸವಕಲ್ಯಾಣ, ಠಾಣೆ ಜಿಲ್ಲೆಯ ಕಲ್ಯಾಣ್, ಪಶ್ಚಿಮ ಬಂಗಾಳದ ಕಲ್ಯಾಣಿ. ಹಳೆಯ ಉಲ್ಲೇಖಗಳಿಗೆ ಒರಟಾದ ಒಂದು ಅಳತೆ: ಕಾನ್ಹೇರಿ ಗುಹೆಯ ಶಾಸನಗಳ "ಕಲಿಯಾಣ", ಗ್ರೀಕ್ ನಾವಿಕರ "ಕಲ್ಲಿಯೇನ" ಬಂದರಿನ ಕಲ್ಯಾಣ್. 11ನೇ ಶತಮಾನದ ನಡುವಿನ ನಂತರ, ಚಾಲುಕ್ಯ, ವಿಕ್ರಮಾದಿತ್ಯ, ಬಿಜ್ಜಳ, ಶರಣರ ಜೊತೆ ಬಂದರೆ ನಮ್ಮದು. ಊರಿಗೆ ಬಸವಕಲ್ಯಾಣ ಎಂಬ ಹೆಸರು 1956ರದು. 12ನೇ ಶತಮಾನದ ಘಟನೆ ಬರೆಯುವಾಗ "ಕಲ್ಯಾಣ" ಎಂದೇ ಬರೆದು, ಈಗಿನ ಹೆಸರನ್ನು ಒಮ್ಮೆ ಹೇಳಿದರೆ ಸಾಕು. 2019ರ ಸೆಪ್ಟೆಂಬರ್ 17ರಿಂದ "ಕಲ್ಯಾಣ ಕರ್ನಾಟಕ" ಬಂದ ಮೇಲೆ ಕಲ್ಯಾಣ ಎಂದರೆ ಊರೋ ಪ್ರದೇಶವೋ ಎಂಬ ಗೊಂದಲವೂ ಸೇರಿಕೊಂಡಿದೆ.

ಭೀಮಾದಂಡೆ:
ಯಾದಗಿರಿದು ಯಾರೂ ಹೇಳಲೇ ಇಲ್ಲ. ತೆಲಂಗಾಣದ ಯಾದಗಿರಿಗುಟ್ಟ ಲಕ್ಷ್ಮೀನರಸಿಂಹ ಕ್ಷೇತ್ರ, ಹೈದರಾಬಾದಿನ ಈಶಾನ್ಯಕ್ಕ 60 ಕಿ.ಮೀ. ಆಸುಪಾಸು. ನಮ್ಮ ಯಾದಗಿರಿ ಹೈದರಾಬಾದಿನ ನೈಋತ್ಯಕ್ಕ. ಹೈದರಾಬಾದಿನಾಗ ನಿಂತು ಹೆಸರು ತಪ್ಪಿದ್ರ ಪೂರ್ತಿ ಉಲ್ಟಾ ದಿಕ್ಕಿಗೆ ಹೋಗ್ತೀರಿ. ಮ್ಯಾಲೆ ತೆಲಂಗಾಣದಾಗ "ಯಾದಗಿರಿ" ಅನ್ನೋದು ಗಂಡಸರ ಹೆಸರು, ಆ ದೇವರದ್ದು. ತೆಲುಗು ಪೇಪರಿನಾಗ ಹುಡುಕಿದ್ರ ಊರಿಗಿಂತ ಮನುಷ್ಯರೇ ಜಾಸ್ತಿ ಸಿಗ್ತಾರ.

ಮೇಲುಕೋಟೆಗೂ ಯದುಗಿರಿ, ಯಾದವಗಿರಿ ಅಂತ ಹೆಸರು. ಮೈಸೂರಿನಾಗ ಯಾದವಗಿರಿ ಅನ್ನೋ ಬಡಾವಣೆ ಅದ. ನಮ್ಮ ಯಾದಗಿರಿನೂ ಯಾದವಗಿರಿ ಅಂತಲೇ ಹೇಳ್ತಾರ.

ಸುರಪುರಗುಡ್ಡ:
ಮನುಷ್ಯರ ಹೆಸರು ಅಂದ್ರ ಅಡ್ಡಹೆಸರೂ ಹಿಡೀರಿ. ಮರಾಠ್ಯಾಗ ಊರಿಗೆ "ಕರ" ಹಚ್ತಾರ, ಹಂಗಾಗಿ ಊರು ಯಾವುದು, ಮನುಷ್ಯ ಯಾರು ತಿಳೀತದ. ನಮ್ಮ ಕಡೆ ಊರಿನ ಹೆಸರೇ ಅಡ್ಡಹೆಸರು. ಸಂಶೋಧಕ ಎಂ.ಎಂ. ಕಲಬುರ್ಗಿ ಅವರನ್ನು ಹುಡುಕಿದ್ರ ಕಲಬುರಗಿ ಬರ್ತದ, ಕಲಬುರಗಿ ಹುಡುಕಿದ್ರ ಅವರು ಬರ್ತಾರ. ಅವರು ಹುಟ್ಟಿದ್ದು ವಿಜಯಪುರ ಜಿಲ್ಲೆಯ ಸಿಂದಗಿ ತಾಲ್ಲೂಕಿನಾಗ. ಅಡ್ಡಹೆಸರಿಂದ ಹುಟ್ಟೂರು ಬರೆಯೋ ಚಟ ಬಿಡ್ರಿ.

ಅಕ್ಷಾಂಶ17:
ಹುಡುಕಾಟದ ಮಾತು ಬಂದದ್ದರಿಂದ ತಾಂತ್ರಿಕ ತೊಡಕುಗಳನ್ನು ಒಮ್ಮೆಲೇ ಹೇಳುತ್ತೇನೆ. ಹಾಳೆಯಲ್ಲಿ ಎರಡು ಪಟ್ಟಿ ಹೋಲಿಸಿದಾಗ "ಬೀದರ್" "ಬೀದರ್"ಗೆ ಹೊಂದದೆ ಇರುವುದು ಯಾಕೆ ಎಂಬುದಕ್ಕೆ ಸಾಮಾನ್ಯವಾಗಿ ಮೂರು ಕಾರಣ.

"ಬೀ" ಎಂಬುದನ್ನು ಕಂಪ್ಯೂಟರ್ ಎರಡು ರೀತಿ ಉಳಿಸಬಹುದು: ದೀರ್ಘ ಈಕಾರದ ಒಂದೇ ಚಿಹ್ನೆಯಾಗಿ, ಇಲ್ಲವೇ ಹ್ರಸ್ವ ಇಕಾರ ಮತ್ತು ದೀರ್ಘದ ಕೊಂಬು ಎಂಬ ಎರಡು ಚಿಹ್ನೆಯಾಗಿ. ಕಣ್ಣಿಗೆ ಎರಡೂ ಒಂದೇ. ಎನ್ಎಫ್‌ಸಿ ಎಂಬ ಯುನಿಕೋಡ್ ಸಮೀಕರಣ ಮಾಡಿಸಿದರೆ ಎರಡೂ ಒಂದಾಗುತ್ತವೆ. ಎರಡನೆಯದು, ಕೊನೆಯ ಅರ್ಧಾಕ್ಷರ: ಬೀದರ್, ಬೀದರ, ಔರಾದ್, ಔರಾದ. ಇದಕ್ಕೆ ಯಾವ ಸಮೀಕರಣವೂ ಇಲ್ಲ, ಪರ್ಯಾಯ ಹೆಸರಿನ ಕಾಲಂ ಬೇಕೇ ಬೇಕು. ಮೂರನೆಯದು, ಒತ್ತಕ್ಷರ ಬರದಂತೆ ನಡುವೆ ಹಾಕುವ ಕಾಣದ ಅಕ್ಷರ. ಹೋಲಿಸುವ ಪ್ರತಿಯಲ್ಲಿ ಅದನ್ನು ತೆಗೆಯಿರಿ, ತೋರಿಸುವ ಪ್ರತಿಯಲ್ಲಿ ಉಳಿಸಿ.

ಅಕ್ಷಾಂಶ–ರೇಖಾಂಶ ದಶಮಾಂಶದ ನಂತರ ನಾಲ್ಕು ಅಂಕಿ ಸಾಕು, ಅದು ಸುಮಾರು 11 ಮೀಟರ್ ನಿಖರತೆ. ಎರಡೇ ಅಂಕಿ ಇದ್ದರೆ ಒಂದು ಕಿ.ಮೀ.ಗಿಂತ ಹೆಚ್ಚು ಅತ್ತಿತ್ತ ಆಗುತ್ತದೆ. ಹಳ್ಳಿ ಹಳ್ಳಿ ಅಂಟಿಕೊಂಡಿರುವ ಕಡೆ ಅದು ಸಾಲದು. ಕಲಬುರಗಿ 17.33, 76.83. ಇದನ್ನು ತಿರುಗಿಸಿ 76.83, 17.33 ಎಂದು ಹಾಕಿದರೆ ಗುರುತು ಹೋಗಿ ಬೀಳುವುದು ಆರ್ಕ್ಟಿಕ್‌ನ ಸ್ಪಿಟ್ಸ್‌ಬರ್ಗನ್ ದ್ವೀಪದ ದಕ್ಷಿಣ ತುದಿಯ ಹತ್ತಿರ. ಇದು ತಮಾಷೆಗೆ ಹೇಳಿದ್ದಲ್ಲ; ನಕ್ಷೆಯ ಮಾಹಿತಿ ಇಡುವ ಜಿಯೋಜೇಸನ್ ಕಡತದಲ್ಲಿ ರೇಖಾಂಶವೇ ಮೊದಲು ಬರುತ್ತದೆ, ನಕ್ಷೆಯಿಂದ ನಕಲು ಮಾಡಿದರೆ ಅಕ್ಷಾಂಶ ಮೊದಲು. ಬಿಸಿಲೂರು ಹಿಮದಲ್ಲಿ ಕಂಡರೆ ಮೊದಲು ಇದನ್ನೇ ನೋಡಿ.

ಫರ್ಸಿಕಲ್ಲು:
ಹಳ್ಳಿ ಹೆಸರಿನ ಮುಂದ (ಬಿ), (ಕೆ) ಅಂತ ಇರ್ತದಲ್ಲ, ಅದನ್ನು ಪಟ್ಟಿಯಾಗ ಇಡೋದೋ ತೆಗೆಯೋದೋ?

ಶಾಸನಗಲ್ಲು:
ತೆಗೆಯಲೇಬೇಡಿ. ಸಾಮಾನ್ಯವಾಗಿ (ಬಿ) ಎಂದರೆ ಬುಜುರ್ಗ, ದೊಡ್ಡದು. (ಕೆ) ಎಂದರೆ ಖುರ್ದ, ಸಣ್ಣದು. ನಮ್ಮ ಹಿರೇ–ಚಿಕ್ಕ ಇದ್ದಂತೆ. ಮಹಾರಾಷ್ಟ್ರದಲ್ಲಿ ಬುಜುರ್ಗ ಸವೆದು ಬುದ್ರುಕ ಆಗಿದೆ. ಆದರೆ ಉತ್ತರ ಭಾರತದ ಪಟ್ಟಿಯ ಜೊತೆ ಹೋಲಿಸುವಾಗ ಎಚ್ಚರ: ಅಲ್ಲಿ "ಕಲಾಂ" ಎಂದರೆ ದೊಡ್ಡದು, "ಖುರ್ದ" ಸಣ್ಣದು. ಇಂಗ್ಲಿಷಿನಲ್ಲಿ ಎರಡೂ "ಕೆ" ಅಕ್ಷರವೇ! ಅಕ್ಷರ ಒಂದೇ, ಅರ್ಥ ತದ್ವಿರುದ್ಧ. ಅದಕ್ಕೆ ಪದವನ್ನು ಪೂರ್ತಿ ಬಿಡಿಸಿ ಬರೆಯಿರಿ.

ಭೀಮಾದಂಡೆ:
(ಬಿ) ಅಂದ್ರ ಯಾವಾಗಲೂ ಬುಜುರ್ಗ ಅಲ್ಲ. ಬೀದರ್ ಜಿಲ್ಲೆಯ ಔರಾದ್ ಮುಂದಿನ "ಬಾ" ಬಾರಹಳ್ಳಿದು. ಗಡಿ ದಾಟಿ ಲಾತೂರ್ ಜಿಲ್ಲೆಗೆ ಹೋದ್ರ ಔರಾದ್ ಶಹಾಜನಿ. ಕಲಬುರಗಿ ತಾಲ್ಲೂಕಿನ ಅವರಾದ ಕೂಡ ಇಂಗ್ಲಿಷಿಗೆ ಹೋಗಿ ಬಂದ್ರ ಔರಾದ್ ಆಗಿಬಿಡ್ತದ. ಕೊರಿಯರ್ ಚೀಟಿ ಮ್ಯಾಲೆ ಬರೇ "ಔರಾದ್" ಬರೆಯೋದಂದ್ರ ಲಾಟರಿ ಆಡಿದಂಗ.

ಪ್ಲಾಟ್‌ಫಾರ್ಮ್1:
ಉಳಿದವು ಜಲ್ದಿ ಹಾಕ್ತೀನಿ. ಮರತೂರು, ಮಿತಾಕ್ಷರ ಬರೆದ ಧರ್ಮಶಾಸ್ತ್ರಜ್ಞ ವಿಜ್ಞಾನೇಶ್ವರನ ಊರು. ಆಂಧ್ರದಾಗೂ ಮಾರ್ಟೂರು ಅದ. ಚಿಂಚೋಳಿ, ಮಹಾರಾಷ್ಟ್ರದ ತುಂಬಾ ಚಿಂಚೋಲಿಗಳೇ, ಮರಾಠ್ಯಾಗ ಚಿಂಚ ಅಂದ್ರ ಹುಣಸಿ. ಬೀದರಿನ ಕೊಳಾರ, ವಿಜಯಪುರ ಜಿಲ್ಲೆಯ ಕೊಲ್ಹಾರ, ಚಿನ್ನದ ಕೋಲಾರ. ಬೀದರಿನ ಹುಲಸೂರು, ಬೆಂಗಳೂರಿನ ಹಲಸೂರು. ಗುಲ್ಬರ್ಗಾಕ್ಕ ಲಾಹೋರ್, ಕರಾಚಿಯ ಗುಲ್ಬರ್ಗ್ ಬಡಾವಣೆಗಳು. ಬೀದರಿಗೆ ಫ್ರಾನ್ಸಿನ ಬಾಸ್ಕ್ ಕರಾವಳಿಯ ಬಿದಾರ್ಟ್. ಕೊನಿಗೆ ಒಂದು "ಟಿ" ಹೆಚ್ಚಿಗಿ ಇರ್ತದ. ವಾಡಿಗೆ ಜೋರ್ಡಾನಿನ ವಾದಿ ರಮ್, ಸುಡಾನಿನ ವಾದಿ ಹಲ್ಫಾ. ಅರಬ್ಬಿಯಾಗ ವಾದಿ ಅಂದ್ರ ಹಳ್ಳ, ನಮ್ಮಲ್ಲಿ ವಾಡಿ ಅಂದ್ರ ಸಣ್ಣ ಹಳ್ಳಿ. ಹಳ್ಳ-ಹಳ್ಳಿ ಜೋಡಿ ಇದು, ಮೊದಲ ಬಗೆ.

ತೊಗರಿಕಣಜ:
ಹಾಳಿಗೆ ಎಲ್ಲಾ ಏರಿಸೀನಿ. ನಾರಾಯಣಪುರ ಒಂದು ಸಾಲು, ಛತ್ತೀಸಗಢದ ನಾರಾಯಣಪುರ ಜಿಲ್ಲೆ ಜೋಡಿ ಅಂತ ಹಾಕೀನಿ. ಸರಿ ಅದೇನು?

ಶಾಸನಗಲ್ಲು:
ಒಂದು ಸಾಲಲ್ಲ, ನಮ್ಮ ಕಡೆಯೇ ಎರಡು ಬೇಕು. ಬಸವಕಲ್ಯಾಣದ ಪಕ್ಕದ ನಾರಾಯಣಪುರ, ಚಾಲುಕ್ಯರ ಕಾಲದ ಗುಡಿ ಇರುವುದು. ಇನ್ನೊಂದು ಯಾದಗಿರಿ ಜಿಲ್ಲೆಯದು, ಕೃಷ್ಣೆಗೆ ಕಟ್ಟಿದ ಬಸವಸಾಗರ ಅಣೆಕಟ್ಟಿನದು. ಒಂದರಲ್ಲಿ ಬಸವಕಲ್ಯಾಣ, ಇನ್ನೊಂದರಲ್ಲಿ ಬಸವಸಾಗರ. "ಬಸವ" ಎಂದು ಸೋಸಿದರೆ ಎರಡೂ ಒಟ್ಟಿಗೆ ಬರುತ್ತವೆ. ನಿಮ್ಮ ಸಾಲಿನಲ್ಲಿ ಗುಡಿಯ ಚಿತ್ರ ಇದೆ, ಅಕ್ಷಾಂಶ ಅಣೆಕಟ್ಟಿನದು.

ತೊಗರಿಕಣಜ:
ಹೌದಲ್ರೀ. ಎರಡು ಸಾಲು ಮಾಡಿ ಗುಡಿ ಚಿತ್ರ ಬಸವಕಲ್ಯಾಣದ ಸಾಲಿಗೆ ಹಾಕ್ದೆ.